ಬೇಸಿಗೆಯಲ್ಲಿ ಮೀನಿನ ತೊಟ್ಟಿ: ನೀರು ಹಸಿರಾದಾಗ

ಏಪ್ರಿಲ್ ತಿಂಗಳು ಕಾಲಿರಿಸಿತೆಂದರೆ, ಹಜಾರದಲ್ಲಿ ಬಣ್ಣದ ಮೀನುಗಳನ್ನು ಸಾಕಿರುವ ಮನೆಗಳಿಂದ ಒಂದೇ ದೂರು ಕೇಳಿಬರುತ್ತದೆ: ಮೊನ್ನೆಯವರೆಗೆ ತಿಳಿಯಾಗಿದ್ದ ನೀರು ಸೊಪ್ಪು ಬಸಿದ ಕಟ್ಟಿನಂತಾಗಿದೆ! ಮನೆಯವರು ಅದನ್ನು ಕೊಳೆಯೆಂದೇ ಭಾವಿಸುತ್ತಾರೆ. ಭಾನುವಾರ ತೊಟ್ಟಿಯನ್ನು ಬರಿದುಮಾಡಿ, ಗಾಜು, ಮರಳು, ಕಲ್ಲುಗಳನ್ನೆಲ್ಲ ತಿಕ್ಕಿ ತೊಳೆದು, ನಲ್ಲಿಯ ನೀರು ತುಂಬಿ ಮೀನುಗಳನ್ನು ಬಿಡುತ್ತಾರೆ. ಒಂದೆರಡು ದಿನಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗುತ್ತವೆ. ಮಕ್ಕಳ ಅಳು ನಿಲ್ಲುವುದಿಲ್ಲ. ಅಪವಾದವೆಲ್ಲ ಪಾಚಿಯ ತಲೆಗೆ.

ಆದರೆ ಮೀನನ್ನು ಕೊಂದದ್ದು ಬಹುಮಟ್ಟಿಗೆ ಆ ಭಾನುವಾರದ ಶುಚಿತ್ವವೇ. ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ; ಅದು ಮೀನಿಗೆ ವಿಷ. ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಸಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಎಲ್ಲವನ್ನೂ ತಿಕ್ಕಿ ತೊಳೆದಾಗ ಈ ಉಪಕಾರಿಗಳು ಕೊಚ್ಚಿಹೋಗುತ್ತವೆ. ಅಳಿದುಳಿದವನ್ನು ನಲ್ಲಿನೀರಿನ ಕ್ಲೋರಿನ್ ಕೊಲ್ಲುತ್ತದೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡದೆ ಬಿಡುವುದಿಲ್ಲ.

ಇನ್ನು ಉಷ್ಣತೆಯ ವಿಚಾರ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಮ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಮೀನು ಶೀತರಕ್ತದ ಪ್ರಾಣಿ. ನೀರು ಕಾದಂತೆ ಅದರ ದೇಹವ್ಯಾಪಾರವೂ ಚುರುಕಾಗಿ, ಅದಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಹೀಗೆ ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಚಿನ್ನದ ಮೀನಂತೂ ಮೂಲತಃ ತಂಪು ನೀರಿನದು. 20 ಡಿಗ್ರಿಯ ಆಸುಪಾಸಿನಲ್ಲಿ ಅದು ಸುಖವಾಗಿರುತ್ತದೆ. ಗಪ್ಪಿಯಂಥ ಉಷ್ಣವಲಯದ ಮೀನುಗಳು 28 ಡಿಗ್ರಿಯವರೆಗೂ ತಾಳಿಕೊಂಡಾವು.

ಪಾಚಿಗೆ ಉಷ್ಣತೆಯೊಂದೇ ಸಾಲದು. ಅದಕ್ಕೆ ಬೆಳಕು ಬೇಕು, ನೈಟ್ರೇಟ್, ಫಾಸ್ಫೇಟ್ ಮೊದಲಾದ ಗೊಬ್ಬರವೂ ಬೇಕು. ಕಿಟಕಿಯ ಬಿಸಿಲು ಮೊದಲನೆಯದನ್ನು ಒದಗಿಸಿದರೆ, ಮಕ್ಕಳು ಪ್ರೀತಿಯಿಂದ ಹಿಡಿಹಿಡಿಯಾಗಿ ಎರಚುವ ಆಹಾರ ಎರಡನೆಯದನ್ನು ಒದಗಿಸುತ್ತದೆ. ಬೇಸಿಗೆಯ ಕಾವು ಈ ಎರಡರ ಜೊತೆಗೂಡಿ ಬೆಳವಣಿಗೆಯ ವೇಗವನ್ನು ಹೆಚ್ಚಿಸುತ್ತದೆ. ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕವನ್ನು ಕೊಡುತ್ತದೆಂಬುದು ನಿಜ. ರಾತ್ರಿಯಾದೊಡನೆ ಅದೂ ಮೀನಿನಂತೆಯೇ ಆಮ್ಲಜನಕವನ್ನು ಹೀರತೊಡಗುತ್ತದೆ. ಹಸಿರು ನೀರಿನ ತೊಟ್ಟಿಯಲ್ಲಿ ಮುಂಜಾನೆಯ ಹೊತ್ತು ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುವುದು ಈ ಕಾರಣದಿಂದ.

ಈ ಕಷ್ಟ ಹೊಸದೇನಲ್ಲ. 1850ರ ಸುಮಾರಿನಲ್ಲಿ ಲಂಡನ್ನಿನ ರಸಾಯನತಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿದನು. ಕೊಳೆತ ಎಲೆಗಳಿಂದಲೂ ಹಸಿರು ಲೋಳೆಯಿಂದಲೂ ನೀರು ಕೆಡತೊಡಗಿದಾಗ, ಅವನು ಅದನ್ನು ಚೆಲ್ಲಲಿಲ್ಲ. ಕೊಳದ ಬಸವನಹುಳುಗಳನ್ನು ತಂದುಬಿಟ್ಟನು. ಅವು ಆ ಲೋಳೆಯನ್ನು ತಿಂದು ಪಾತ್ರೆಯನ್ನು ತಿಳಿಗೊಳಿಸಿದವು. (ಬಸವನಹುಳುಗಳ ಸಂತಾನ ಬಹುಬೇಗ ಬೆಳೆಯುವುದೆಂಬುದನ್ನು ಮಾತ್ರ ಮರೆಯಬಾರದು.)

ಇಂದೂ ಮಾಡಬೇಕಾದುದು ಅದೇ ದಾರಿಯದು. ತೊಟ್ಟಿಯನ್ನು ಕಿಟಕಿಯಿಂದ ದೂರವಿರಿಸಿ, ದೀಪವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಉರಿಸದಿದ್ದರೆ ಅರ್ಧ ಕೆಲಸ ಮುಗಿದಂತೆ. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಮಾತ್ರ ಬದಲಾಯಿಸಬೇಕು. ಕ್ಲೋರಿನ್ ಹೋಗುವ ಔಷಧವನ್ನು ಬೆರೆಸಿದ ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ನೀರು ತೀರ ಹಸಿರಾಗಿದ್ದರೆ ಮೂರು ದಿನ ಕಪ್ಪು ಬಟ್ಟೆ ಮುಚ್ಚಿ ಕತ್ತಲಾಗಿಸುವುದುಂಟು. ಆಗ ಗಾಳಿಯ ಪಂಪು ಹಗಲಿರುಳೂ ನಡೆಯುತ್ತಿರಲೇಬೇಕು. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ವ್ಯಯವಾಗುತ್ತದೆ.

ಅಂಗಡಿಯವರು ಇದಕ್ಕೆ 'ಸಕ್ಕರ್' ಮೀನನ್ನು ಕೊಳ್ಳಿರೆಂದು ಹೇಳುತ್ತಾರೆ. ಬೆರಳುದ್ದದ ಆ ಮರಿ ಗಾಜಿಗಂಟಿದ ಪಾಚಿಯನ್ನು ಕೆರೆಯಬಲ್ಲದೇ ಹೊರತು ಹಸಿರು ನೀರಿಗೆ ಅದು ಮದ್ದಲ್ಲ. ಮೇಲಾಗಿ ಅದು ಅಡಿಯುದ್ದಕ್ಕೂ ಮೀರಿ ಬೆಳೆಯುತ್ತದೆ. ಆಗ ಜನ ಅದನ್ನು ಒಯ್ದು ಹತ್ತಿರದ ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆಯೇ ನಮ್ಮ ದೇಶದ ಕೆರೆಹೊಳೆಗಳಲ್ಲಿ ಬೇರೂರಿ, ಸ್ಥಳೀಯ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಪೀಡೆಯಾಗಿದೆ.

ನೀರು ಕಾದ ದಿನ ತೊಟ್ಟಿಯ ಮುಚ್ಚಳ ತೆಗೆದು, ಮೇಜಿನ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಇರಿಸಿದರೆ, ಆವಿಯಾಗುವ ನೀರೇ ಒಂದೆರಡು ಡಿಗ್ರಿ ತಂಪು ತರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ ತಾನೆ? ಮೀನು ಹೊರಕ್ಕೆ ಹಾರದಂತೆ ಮೇಲೊಂದು ಬಲೆ ಹೊದಿಸಬೇಕು. ಮಂಜುಗಡ್ಡೆಯನ್ನು ನೇರವಾಗಿ ಸುರಿಯುವುದು ಸಲ್ಲದು. ಹಠಾತ್ತನೆ ಇಳಿಯುವ ಉಷ್ಣತೆ ಬಿಸಿಗಿಂತಲೂ ಕೆಟ್ಟದ್ದು.