ಹಳೆಯ ಜೀಪಿನ ಸ್ಟೀರಿಂಗ್: ಬಿಗಿ ಮಾಡಿದರೆ ಸಾಲದು

ಮಡಿಕೇರಿಯಿಂದ ಮಾಂದಲಪಟ್ಟಿಗೆ ಏರುವ ಜೀಪಾಗಲಿ, ಕಾಫಿ ತೋಟದ ಮಣ್ಣುದಾರಿಯಲ್ಲಿ ಗೊಬ್ಬರದ ಮೂಟೆ ಹೊತ್ತು ಓಡಾಡುವ ಜೀಪಾಗಲಿ, ವಯಸ್ಸಾದಂತೆ ಅದರ ಬಗ್ಗೆ ಕೇಳಿಬರುವ ದೂರು ಒಂದೇ: ‘ಸ್ಟೀರಿಂಗ್ ಪ್ಲೇ ಬಂದಿದೆ.’ ಸ್ಟೀರಿಂಗ್ ವೀಲ್ ಒಂದಿಷ್ಟು ತಿರುಗಿದರೂ ಮುಂದಿನ ಗಾಲಿ ಅಲುಗುವುದಿಲ್ಲ. ಇದಕ್ಕೆ ಬೇಗ ಸಿಗುವ ಮದ್ದು, ಸ್ಟೀರಿಂಗ್ ಬಾಕ್ಸಿನ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡುವುದು. ಆಗ ಪ್ಲೇ ಅಡಗುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ. ಘಾಟಿಯ ನಾಡಿನಲ್ಲಿ ಇವೆರಡರ ವ್ಯತ್ಯಾಸ ತಿಳಿದಿರಲೇಬೇಕು.

1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಬಾನೆಟ್ ಎತ್ತರವಾಗಿರುವ ಸಿಜೆ-3ಬಿ ಮಾದರಿ ನಮ್ಮಲ್ಲಿ ದಶಕಗಳ ಕಾಲ ತಯಾರಾಯಿತು. ಅದರ ಸ್ಟೀರಿಂಗ್ ರಚನೆ ಸರಳ. ವೀಲಿನಿಂದ ಹೊರಟ ಒಂದೇ ಉದ್ದನೆಯ ಉಕ್ಕಿನ ಶಾಫ್ಟ್, ಕಾಲಮ್ ಎಂಬ ಕೊಳವೆಯೊಳಗೆ ಇಳಿದು ಸ್ಟೀರಿಂಗ್ ಬಾಕ್ಸ್ ಸೇರುತ್ತದೆ. ಅದರ ಕೆಳತುದಿಯಲ್ಲಿರುವ ‘ಕ್ಯಾಮ್’ ಮೇಲೆ ಸುರುಳಿಯಾಗಿ ತೋಡು ಕೊರೆದಿರುತ್ತದೆ. ಆ ತೋಡಿನಲ್ಲಿ ಕುಳಿತ ಮೊನಚು ಪಿನ್ನುಗಳು ಒಂದು ಲಿವರನ್ನು ಆಡಿಸುತ್ತವೆ. ಅಲ್ಲಿಂದ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈ ರಾಡ್ ದಾಟಿ ನಮ್ಮ ಕೈಯ ತಿರುವು ಗಾಲಿಗೆ ತಲುಪುತ್ತದೆ. ಇಷ್ಟು ಕೀಲುಗಳಲ್ಲಿ ಪ್ರತಿಯೊಂದೂ ಸ್ವಲ್ಪ ಸವೆದರೆ ಸಾಕು, ಎಲ್ಲ ಸೇರಿ ಚಾಲಕನ ಕೈಗೆ ಪ್ಲೇ ಆಗಿ ಬರುತ್ತದೆ.

ಆ ಪ್ಲೇ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಸ್ಟೀರಿಂಗ್ ವೀಲಿನ ವ್ಯಾಸ ಸುಮಾರು 43 ಸೆಂ.ಮೀ. ಅದರ ಅಂಚಿನಲ್ಲಿ 25 ಮಿ.ಮೀ. ಪ್ಲೇ ಇದ್ದರೆ ಅದು ಸುಮಾರು ಆರೂವರೆ ಡಿಗ್ರಿ. ನೇರ ಓಟದಲ್ಲಿ ಬಾಕ್ಸಿನ ಅನುಪಾತ 12ಕ್ಕೆ 1. ಹಾಗಾಗಿ ಗಾಲಿ ತನ್ನಷ್ಟಕ್ಕೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಹೊರಳಬಹುದು. ಜೀಪಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ 80 ಅಂಗುಲ, ಅಂದರೆ 2 ಮೀಟರಿಗಿಂತ ತುಸು ಹೆಚ್ಚು. ಇಷ್ಟು ಗಿಡ್ಡ ಗಾಡಿ ಆ ಅರ್ಧ ಡಿಗ್ರಿಯಲ್ಲೇ 20 ಮೀಟರ್ ಓಡಿದರೆ ಪಕ್ಕಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಸರಿದಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ದೂರಕ್ಕೆ ಎರಡು ಸೆಕೆಂಡೂ ಬೇಡ. ಎದುರಿಂದ ಬಸ್ಸು ಬರುವಾಗ ಸಂಪಾಜೆ ಘಾಟಿಯಲ್ಲಿ ಒಂದು ಮೀಟರ್ ಬಹಳ ದೊಡ್ಡದು.

ಹಾಗಿದ್ದರೆ ಸ್ಕ್ರೂ ಬಿಗಿ ಮಾಡಿದರೇನು ತಪ್ಪು? ಉತ್ತರ ಕ್ಯಾಮಿನ ತೋಡಿನಲ್ಲಿದೆ. ಎಷ್ಟೇ ತಿರುವುಗಳಿರುವ ದಾರಿಯಾದರೂ ಸ್ಟೀರಿಂಗ್ ಹೆಚ್ಚು ಹೊತ್ತು ಇರುವುದು ನಡುಭಾಗದ ಆಸುಪಾಸಿನಲ್ಲೇ. ರಸ್ತೆಯ ಹೊಡೆತಗಳೂ ಹೆಚ್ಚಾಗಿ ಅಲ್ಲಿಗೇ ಬೀಳುತ್ತವೆ. ಇದನ್ನರಿತೇ ವಿನ್ಯಾಸಕಾರರು ತೋಡನ್ನು ನಡುವೆ ಬಿಗಿಯಾಗಿ, ತುದಿಗಳಲ್ಲಿ ತುಸು ಸಡಿಲವಾಗಿ ಕೊರೆದಿದ್ದಾರೆ. ವರ್ಷಗಳು ಕಳೆದಂತೆ ನಡುಭಾಗ ಸವೆಯುತ್ತದೆ, ತುದಿಗಳು ಹೊಸದರಂತೆ ಉಳಿಯುತ್ತವೆ. ಸ್ಕ್ರೂ ಬಿಗಿ ಮಾಡಿ, ಸವೆದ ನಡುಭಾಗಕ್ಕೆ ಹೊಂದುವಂತೆ ಪಿನ್ನುಗಳನ್ನು ತೋಡಿನೊಳಗೆ ಒತ್ತಿದರೆ ನೇರ ದಾರಿಯಲ್ಲಿ ಎಲ್ಲವೂ ಸರಿಯೆನಿಸುತ್ತದೆ. ಆದರೆ ವೀಲನ್ನು ಪೂರ್ತಿ ತಿರುಗಿಸಿದಾಗ ಪಿನ್ನುಗಳು ಸವೆಯದ ತುದಿಯಲ್ಲಿ ಸಿಕ್ಕಿಬೀಳುತ್ತವೆ. ಅಂದರೆ ಸ್ಟೀರಿಂಗ್ ಕಚ್ಚಿಕೊಳ್ಳುವುದು ಕಡಿದಾದ ಹೇರ್‌ಪಿನ್ ತಿರುವಿನಲ್ಲಿ. ಭಾಗಮಂಡಲದಿಂದ ತಲಕಾವೇರಿಗೆ ಏರುವವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಪ್ಲೇ ಎಲ್ಲಿದೆ ಎಂದು ಹುಡುಕುವುದು. ಒಬ್ಬರು ವೀಲನ್ನು ಸ್ವಲ್ಪಸ್ವಲ್ಪವೇ ಅತ್ತಿತ್ತ ಆಡಿಸಬೇಕು, ಇನ್ನೊಬ್ಬರು ಕೆಳಗೆ ಕೀಲುಗಳ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಬೇಕು. ಡ್ರಾಪ್ ಆರ್ಮ್ ಕೂಡಲೇ ಅಲುಗಿ ಗಾಲಿ ತಡವಾಗಿ ಅಲುಗಿದರೆ ದೋಷ ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈ ರಾಡ್ ಅಥವಾ ಮುಂದಿನ ಗಾಲಿ ಹೊರಳುವ ಕೀಲಾದ ಕಿಂಗ್ ಪಿನ್‌ನಲ್ಲಿದೆ, ಬಾಕ್ಸ್ ಮುಟ್ಟಬೇಕಿಲ್ಲ. ವೀಲನ್ನು ಮೇಲಕ್ಕೆಳೆದಾಗ ಶಾಫ್ಟೇ ಏಳುತ್ತಿದ್ದರೆ ಕ್ಯಾಮಿನ ಬೇರಿಂಗ್ ಸಡಿಲವಾಗಿದೆ. ವೀಲ್ ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಕಾಲಮಿನ ಮೇಲಿನ ಬುಷ್ ಸವೆದಿದೆ.

ಕಾಲಮ್ ಬಿಚ್ಚಲೇಬೇಕಾದರೆ ಸುತ್ತಿಗೆ ದೂರವಿರಲಿ. ವೀಲನ್ನು ಪುಲ್ಲರ್ ಹಾಕಿಯೇ ಎಳೆಯಬೇಕು. ಶಾಫ್ಟಿನ ತಲೆಗೆ ಹೊಡೆದ ಪೆಟ್ಟು ನೇರವಾಗಿ ಕೆಳಗಿನ ಬೇರಿಂಗಿಗೆ ಇಳಿದು, ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಕುಳಿಗಳನ್ನು ಒತ್ತುತ್ತದೆ. ಬಿಚ್ಚುವ ಮೊದಲು ಡ್ರಾಪ್ ಆರ್ಮ್ ಮತ್ತು ಅದರ ಶಾಫ್ಟಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಮಳೆನೀರು ಒಳಹೊಕ್ಕಿದೆ ಎಂದರ್ಥ. ಭಾರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಅಪರೂಪದ ಮಾತಲ್ಲ, ಸೀಲುಗಳನ್ನೂ ಬದಲಿಸಬೇಕು.

ಶಾಫ್ಟ್ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಬೇಡ. ಕಾಯ್ದ ಉಕ್ಕು ಬೇಗ ತಣಿದಾಗ ಬೆಸುಗೆಯ ಪಕ್ಕದ ಭಾಗ ಗಡುಸಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಪದೇ ಪದೇ ತಿರುಚುವ ಬಲ ಬಿದ್ದಾಗ ಬಿರುಕು ಹುಟ್ಟುವುದು ಅಲ್ಲಿಂದಲೇ, ಮುರಿಯುವ ಮೊದಲು ಅದು ಕಣ್ಣಿಗೆ ಕಾಣದೆಯೂ ಇರಬಹುದು. ಬದಲಿ ಶಾಫ್ಟ್ ಹಾಕುವುದೊಂದೇ ದಾರಿ.

ಮತ್ತೆ ಜೋಡಿಸುವಾಗ ಕ್ರಮ ಮುಖ್ಯ. ಮೊದಲು ಪಿನ್ನುಗಳ ಸ್ಕ್ರೂ ಸಡಿಲಿಸಿ, ಶಿಮ್ ಎಂಬ ತೆಳು ಬಿಲ್ಲೆಗಳನ್ನು ತೆಗೆದು ಇಲ್ಲವೇ ಸೇರಿಸಿ ಕ್ಯಾಮಿನ ಬೇರಿಂಗ್ ಸರಿಪಡಿಸಬೇಕು. ಆಮೇಲೆ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ, ಸುತ್ತುಗಳನ್ನು ಎಣಿಸಿ, ಅರ್ಧಕ್ಕೆ ಮರಳಿಸಿ, ಆ ನಡುಭಾಗದಲ್ಲಿ ಮಾತ್ರ ಸ್ಕ್ರೂ ಹೊಂದಿಸಬೇಕು. ಬಾಕ್ಸನ್ನು ಚಾಸಿಗೆ ಕಟ್ಟುವಾಗ ಡ್ಯಾಶ್‌ಬೋರ್ಡಿನ ಬ್ರ್ಯಾಕೆಟ್ ಸಡಿಲವಾಗಿರಲಿ, ಕಾಲಮ್ ತನ್ನ ಸಹಜ ಕೋನಕ್ಕೆ ಬಂದ ಮೇಲೆ ಬಿಗಿಯಾಗಲಿ. ಎಳೆದು ಕಟ್ಟಿದರೆ ಶಾಫ್ಟ್ ಬಾಗಿ, ಬುಷ್ ಬೇಗ ಸವೆಯುತ್ತದೆ.

ಎಷ್ಟೇ ಚೆನ್ನಾಗಿ ಜೋಡಿಸಿದರೂ ಹಳೆಯ ಜೀಪಿಗೆ ತಪ್ಪದ ಮಿತಿಯೊಂದಿದೆ. ಎದುರಿನಿಂದ ಬಲವಾಗಿ ಡಿಕ್ಕಿಯಾದರೆ ಈ ಒಂಟಿ ಶಾಫ್ಟ್ ಚಾಲಕನ ಎದೆಯತ್ತ ನುಗ್ಗಬಲ್ಲದು. ಅಮೆರಿಕದಲ್ಲಿ 1968ರ ಜನವರಿಯಿಂದ ಜಾರಿಗೆ ಬಂದ ನಿಯಮ, ಗಂಟೆಗೆ ಸುಮಾರು 48 ಕಿ.ಮೀ. ವೇಗದ ಡಿಕ್ಕಿಯಲ್ಲಿ ಕಾರಿನ ಕಾಲಮ್ 127 ಮಿ.ಮೀ.ಗಿಂತ ಹೆಚ್ಚು ಹಿಂದೆ ಸರಿಯಬಾರದೆಂದಿತು. ಮಡಚಿಕೊಂಡು ಪೆಟ್ಟು ನುಂಗುವ ಕಾಲಮ್‌ಗಳು ಆ ಕಾಲದಲ್ಲೇ ಬಳಕೆಗೆ ಬಂದವು. ಆ ರಕ್ಷಣೆ ಇಲ್ಲದ ಗಾಡಿಯನ್ನು ಓಡಿಸುವಾಗ ನಿಧಾನವೇ ಸುರಕ್ಷತೆ.

ರಿಪೇರಿ ಸರಿಯಾಗಿದೆಯೇ ಎಂಬುದನ್ನು ಖಾಲಿ ಸಮತಟ್ಟು ಜಾಗದಲ್ಲಿ ತಿಳಿಯಬಹುದು. ನಿಧಾನವಾಗಿ ಓಡಿಸುತ್ತ ಒಂದು ತಿರುವು ಕೊಟ್ಟು ಹಿಡಿತ ಸಡಿಲಿಸಿ. ಕಿಂಗ್ ಪಿನ್‌ಗಳ ಓರೆಯಿಂದಾಗಿ ಗಾಲಿಗಳು ತಾವಾಗಿ ನೇರವಾಗಲು ಹೊರಡಬೇಕು. ಹೊರಡದೆ ಅಲ್ಲೇ ನಿಂತರೆ ಎಲ್ಲೋ ಬಿಗಿ ಅತಿಯಾಗಿದೆ. ಅಂಥ ಜೀಪು ಘಾಟಿಗೆ ಇಳಿಯಬಾರದು, ಗ್ಯಾರೇಜಿಗೇ ಮರಳಬೇಕು.