ಪುಂಡಿಪಲ್ಲೆಯ ಹುಳಿ

ಪುಂಡಿಪಲ್ಲೆಯನ್ನು ಮೊದಲ ತುತ್ತಿಗೇ ಮೆಚ್ಚಿದವರು ವಿರಳ. ಬಾಲ್ಯದಲ್ಲಿ ಅವ್ವ ಬಡಿಸಿದಾಗಲೆಲ್ಲ ನಾನು ಅದನ್ನು ತಾಟಿನ ಅಂಚಿಗೆ ಸರಿಸುತ್ತಿದ್ದೆ. ಒಲವು ಮೂಡಿದ್ದು, ಮದುವೆಯ ನಂತರ ನಾನೇ ಒಲೆಯ ಮುಂದೆ ನಿಂತಾಗ.

ಬಿಡಿಸಿದ ಎಲೆಯನ್ನು ಕುದಿಸಿ ನೀರು ಬಸಿದರೆ ಹುಳಿಯ ತೀಕ್ಷ್ಣತೆ ತಗ್ಗುತ್ತದೆ. ತೊಗರಿಬೇಳೆಯನ್ನು ಬೇರೆಯಾಗಿಯೇ ಬೇಯಿಸಬೇಕು. ಹುಳಿಯಲ್ಲಿ ಬೇಳೆ ಮೆತ್ತಗಾಗದು. ಬಳಿಕ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಶೇಂಗಾ ಕೂಡಿಸಿ, ನುಚ್ಚು ಬೆಂದು ಹುಳಿಯನ್ನು ಹೀರುವವರೆಗೆ ಕಾಯಬೇಕು. ಬೆಳ್ಳುಳ್ಳಿಯ ಒಗ್ಗರಣೆಗೆ ಎಣ್ಣೆಯಲ್ಲಿ ಜಿಪುಣತನ ಸಲ್ಲದು. ಮರುದಿನ ಖಡಕ್ ರೊಟ್ಟಿಯೊಡನೆ ಉಣ್ಣುವ ತಂಗಳು ಪಲ್ಲೆಯ ಸವಿಯೇ ಬೇರೆ.

ಹಿಂದೆ ಹೊಲದ ಅಂಚಿನಲ್ಲಿ ಪುಂಡಿಯ ಸಾಲಿರುತ್ತಿತ್ತು. ಎಳೆಯ ಎಲೆ ಅಡುಗೆಗೆ. ಬಲಿತ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು ಹಗ್ಗ ಹೊಸೆಯುತ್ತಿದ್ದರು. ನೈಲಾನ್ ಹಗ್ಗ ಬಂದ ಮೇಲೆ ನಮ್ಮ ಹೊಲದ ಸಾಲೂ ಹೋಯಿತು. ಈಗ ಸೊಲ್ಲಾಪುರದ ಸಂತೆಯೇ ಗತಿ.

ಅಲ್ಲಿ ಇದು ಅಂಬಾಡಿ. ತೆಲುಗರಿಗೆ ಗೋಂಗೂರ, ತಮಿಳರಿಗೆ ಪುಳಿಚ್ಚಕೀರೆ. ಆದರೆ ‘ಅಂಬಾಡಿ’ ಎಂದು ಕೂಗುವ ಮುದುಕಿಯನ್ನು “ಪುಂಡಿ ಹ್ಯಾಂಗವ್ವಾ?” ಎಂದು ಕೇಳಿದರೆ ಆಕೆ ಕನ್ನಡದಲ್ಲೇ ದರ ಹೇಳುತ್ತಾಳೆ, ಒಂದು ಹಿಡಿ ಸೊಪ್ಪು ಮೇಲೆ ಹಾಕಿ ಕೊಡುವುದೂ ಉಂಟು.

ಮರಾಠಿ ಶಾಲೆಗೆ ಹೋಗುವ ಮೊಮ್ಮಗಳಿಗೂ ಇದು ಅಂಬಾಡಿಯೇ. ಮೊನ್ನೆ “ಅಂಬಾಡಿ ಬೇಡ, ಆಯಿ” ಎಂದು ತಾಟಿನ ಅಂಚಿಗೆ ಸರಿಸಿದಳು. ತಿನ್ನೆಂದು ನಾನು ಒತ್ತಾಯಿಸಲಿಲ್ಲ. “ಪುಂಡಿ ಬೇಡ ಅನ್ನವ್ವಾ” ಎಂದೆ. ಅಂದಳು.