ಗಣಕಯಂತ್ರದಲ್ಲಿ ಧ್ವನಿಮುದ್ರಣ: ಗುಂಡಿಗಳ ಪರಿಚಯ

ನಮ್ಮ ಹಳೆಯ ವಿದ್ಯಾರ್ಥಿಗಳು ಮನೆಯ ಹಿರಿಯರ ಹಸೆಹಾಡುಗಳನ್ನು ಮುದ್ರಿಸಿಡಲು ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶವೇ ಸಾಕು. 2021ರಲ್ಲಿ ಬಂದ ಅದರ 3ನೆಯ ಆವೃತ್ತಿಯಲ್ಲೂ ಗುಂಡಿಗಳು ಟೇಪ್‌ರೆಕಾರ್ಡರಿನವನ್ನೇ ಹೋಲುತ್ತವೆ: ಕೆಂಪು ವೃತ್ತ ಮುದ್ರಣಕ್ಕೆ, ಹಸಿರು ತ್ರಿಕೋನ ಆಲಿಸಲು, ಚೌಕ ನಿಲ್ಲಿಸಲು, ಜೋಡಿಗೆರೆ ತಡೆಹಿಡಿಯಲು. ಮುದ್ರಣ ನಡೆಯುತ್ತಿರುವಾಗ ತಿದ್ದುವ ಕೆಲಸ ಸಾಗದು, ಮೊದಲು ಚೌಕವನ್ನು ಒತ್ತಬೇಕು. ಯಂತ್ರ ಕೆಟ್ಟಿತೆಂದು ಹೊಸಬರು ಗಾಬರಿಗೊಳ್ಳುವುದು ಇಲ್ಲಿಯೇ.

ಮೌಸಿನ ಎಡಗುಂಡಿಯನ್ನು ಒತ್ತಿಹಿಡಿದು ಧ್ವನಿಯ ಅಲೆಚಿತ್ರದ ಮೇಲೆ ಎಳೆದರೆ ಆ ಭಾಗ ಆಯ್ಕೆಯಾಗುತ್ತದೆ. ಡಿಲೀಟ್ ಕೀಲಿಯಿಂದ ಅಳಿಯುತ್ತದೆ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿದದ್ದು ಮರಳುತ್ತದೆ. ಟೇಪಿನಲ್ಲಿ ಈ ಭಾಗ್ಯವಿರಲಿಲ್ಲ! ಆದರೆ ಕಡತವನ್ನು ಮುಚ್ಚಿದ ಬಳಿಕ ಇಲ್ಲಿಯೂ ಇಲ್ಲ. ಆದುದರಿಂದ ಕತ್ತರಿಸುವುದಕ್ಕೆ ಮೊದಲೇ ಮೂಲವನ್ನು ‘ಎಕ್ಸ್‌ಪೋರ್ಟ್’ ಮೂಲಕ ವೇವ್ ಕಡತವಾಗಿ ತೆಗೆದಿರಿಸತಕ್ಕದ್ದು, ಅಜ್ಜಿಯ ಕೆಮ್ಮು ಸಹಿತವಾಗಿ.